ಸಬ್‌ಸ್ಟ್ರೇಟ್ ಅಂದರೆ ಹಾವಿನ ಹಾಸು

ಅಣಬೆ ಬೆಳೆಯುವವರನ್ನು ಸಬ್‌ಸ್ಟ್ರೇಟ್ ಅಂದರೇನು ಅಂತ ಕೇಳಿ, ಕತ್ತರಿಸಿ ನೆನೆಸಿಟ್ಟ ಭತ್ತದ ಹುಲ್ಲು ತೋರಿಸುತ್ತಾರೆ. ಬಯೋಕೆಮಿಸ್ಟ್ರಿ ಮೇಷ್ಟ್ರು, ಕಿಣ್ವ ಯಾವುದರ ಮೇಲೆ ಕೆಲಸ ಮಾಡುತ್ತದೋ ಅದು ಅನ್ನುತ್ತಾರೆ. ಮೀನು ಸಾಕುವವರಿಗೆ ಅದು ತೊಟ್ಟಿಯ ತಳದ ಮರಳು, ಸಣ್ಣ ಕಲ್ಲು. ಇದೇ ಪದ ಹಾವು ಸಾಕುವವರ ಬಾಯಲ್ಲಿ ಬಂದರೆ, ಹಾವಿರುವ ಪೆಟ್ಟಿಗೆಯ ತಳದಲ್ಲಿ ಹರಡುವ ವಸ್ತು ಅಂತ ಅರ್ಥ. ಕಾಗದ, ಮರದ ಸಿಪ್ಪೆ, ತೆಂಗಿನ ನಾರಿನ ಪುಡಿ, ಮಣ್ಣು, ಯಾವುದೂ ಆಗಬಹುದು.

ಪದದ ಬೇರು ಲ್ಯಾಟಿನ್. ಕೆಳಗೆ ಹಾಸಿದ್ದು, ಅಷ್ಟೇ ಅದರ ಅರ್ಥ. ಹಾಗಾಗಿ ಕನ್ನಡದಲ್ಲಿ ಇದಕ್ಕೆ ಹಲ್ಲು ಮುರಿಯುವ ಹೊಸ ಪದ ಬೇಡ, 'ಹಾಸು' ಸಾಕು ಅನ್ನುವುದು ನನ್ನ ಅಭಿಪ್ರಾಯ. ಮಲೆನಾಡಿನ ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಸೊಪ್ಪು, ದರಗು ಹಾಸುತ್ತಾರಲ್ಲ, ಅದೂ ಇದೇ. ಗಂಜಲ ಹೀರಿಕೊಳ್ಳುತ್ತದೆ, ನೆಲದ ಥಂಡಿ ತಡೆಯುತ್ತದೆ, ಮೈಗೆ ಮೆತ್ತಗಿರುತ್ತದೆ.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ದನ ಹಾಸಿನ ಮೇಲೆ ನಿಲ್ಲುತ್ತದೆ, ಬೇಕೆನಿಸಿದಾಗ ಮಲಗುತ್ತದೆ. ಹಾವಿಗೆ ನಿಲ್ಲುವ ಮಾತೇ ಇಲ್ಲ. ತಲೆಯಿಂದ ಬಾಲದವರೆಗೆ ಅದರ ಹೊಟ್ಟೆ ಇಡೀ ದಿನ ಹಾಸನ್ನು ಅಂಟಿಕೊಂಡೇ ಇರುತ್ತದೆ. ಎಷ್ಟೋ ಹಾವುಗಳು ಹಾಸಿನ ಮೇಲಲ್ಲ, ಹಾಸಿನ ಒಳಗೇ ಇರುತ್ತವೆ. ಅದಕ್ಕೇ ಅಂಗಡಿಯಲ್ಲಿ ಯಾವುದು ಚೆಂದ ಕಾಣುತ್ತದೆ ಅಂತ ನೋಡಿ ಹಾಸು ಕೊಳ್ಳಬಾರದು. ಈ ಹಾವು ತನ್ನ ಊರಲ್ಲಿ ಎಂಥ ನೆಲದಲ್ಲಿರುತ್ತದೆ ಅಂತ ಮೊದಲು ಕೇಳಬೇಕು.

ಇಲ್ಲೊಂದು ಮೋಸವಿದೆ. ಅಮೆರಿಕ, ಯುರೋಪಿನ ಮನೆಗಳಲ್ಲಿ ತುಂಬಾ ಜನ ಸಾಕುವ ಬಾಲ್ ಪೈಥಾನ್ ತೆಗೆದುಕೊಳ್ಳಿ. ಹೆದರಿದರೆ ತಲೆಯನ್ನು ನಡುವೆ ಇಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೆ ಆ ಹೆಸರು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಘಾನಾ, ಟೋಗೊ, ಬೆನಿನ್ ಕಡೆಯ ಹುಲ್ಲುಗಾವಲುಗಳಲ್ಲಿ ಸಿಗುತ್ತದೆ. ಹುಲ್ಲುಗಾವಲು ಅಂದ ಕೂಡಲೇ, ಓಹೋ ಒಣ ಪ್ರದೇಶ, ಒಣ ಹಾಸು ಹಾಕಿದರಾಯಿತು ಅನ್ನಿಸುತ್ತದೆ ಅಲ್ವಾ? ಆದರೆ ಹಾವು ಬಿಸಿಲಲ್ಲಿ ಹುಲ್ಲಿನ ಮೇಲೆ ಬಿದ್ದುಕೊಂಡಿರುವುದಿಲ್ಲ. ಹಗಲೆಲ್ಲ ಇಲಿ ತೋಡಿದ ಬಿಲದಲ್ಲೋ ಹುತ್ತದಲ್ಲೋ ಇರುತ್ತದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರುವ ಮಾತು ನಮ್ಮಲ್ಲೂ ಹಳೆಯದೇ. ಹೊರಗೆ ಎಷ್ಟೇ ಒಣಗಿದ್ದರೂ ಹುತ್ತದ ಒಳಗೆ ತೇವ ಇರುತ್ತದೆ. ಅಂದರೆ ನಾವು ಪೆಟ್ಟಿಗೆಯಲ್ಲಿ ಮಾಡಿಕೊಡಬೇಕಾದ್ದು ಆಫ್ರಿಕಾದ ಹುಲ್ಲುಗಾವಲನ್ನಲ್ಲ, ಹುತ್ತದ ಒಳಗನ್ನು. ಅದಕ್ಕೇ ಬಾಲ್ ಪೈಥಾನ್‌ಗೆ ಗಾಳಿಯ ತೇವಾಂಶ ಶೇ. 60ರಿಂದ 80ರಷ್ಟು ಇರಲಿ ಅನ್ನುತ್ತಾರೆ.

ಈ ತೇವ ಹಿಡಿದಿಡುವ ಕೆಲಸ ಹಾಸಿನದು. ನೀರಿನ ಬಟ್ಟಲು, ಸ್ಪ್ರೇ ಬಾಟಲಿ ಒಂದಷ್ಟು ಸಹಾಯ ಮಾಡುತ್ತವೆ, ಆದರೆ ಸ್ಪ್ರೇ ಹೊಡೆದದ್ದು ಸ್ವಲ್ಪ ಹೊತ್ತಿನಲ್ಲೇ ಆರಿಹೋಗುತ್ತದೆ. ಇಲ್ಲಿಗೆ ಹೇಳಿ ಮಾಡಿಸಿದ್ದು ನಮಗೆ ಚೆನ್ನಾಗಿ ಗೊತ್ತಿರುವ ವಸ್ತು, ತೆಂಗಿನ ನಾರಿನ ಪುಡಿ. ಕೊಕೊಪೀಟ್ ಅಂತ ನಮ್ಮ ನರ್ಸರಿಗಳಲ್ಲೂ ಸಿಗುತ್ತದೆ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಕಂದು ಪುಡಿ ಅದು. ಹಿಂದೆ ನಾರಿನ ಮಿಲ್ಲಿನ ಪಕ್ಕ ಸುಮ್ನೆ ಗುಡ್ಡೆ ಬಿದ್ದಿರುತ್ತಿತ್ತು. ಈಗ ಅದನ್ನೇ ಒತ್ತಿ ಇಟ್ಟಿಗೆ ಮಾಡಿ ಭಾರತ, ಶ್ರೀಲಂಕಾದಿಂದ ಹೊರದೇಶಗಳಿಗೆ ಕಳಿಸುತ್ತಾರೆ. 650 ಗ್ರಾಮಿನ ಒಂದು ಇಟ್ಟಿಗೆಯನ್ನು ನೀರಿಗೆ ಹಾಕಿದರೆ ಉಬ್ಬಿ ಸುಮಾರು 8 ಲೀಟರ್ ಆಗುತ್ತದೆ. ಅಮೆರಿಕದ ಕನ್ನಡಿಗರ ಮನೆಯ ಮಗು ಹಾವು ಸಾಕಲು ಹಟ ಹಿಡಿದು ಗೆದ್ದರೆ, ಪೆಟ್ಟಿಗೆಯೊಳಗೆ ಹರಡುವುದು ಬಹುಶಃ ದಕ್ಷಿಣ ಭಾರತದ ತೆಂಗಿನ ಸಿಪ್ಪೆಯನ್ನೇ!

ನೆನೆಸುವಾಗ ಹದ ಮುಖ್ಯ. ಒಂದು ಹಿಡಿ ತೆಗೆದು ಹಿಂಡಿ. ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಐದರಿಂದ ಹತ್ತು ಸೆಂಟಿಮೀಟರ್ ದಪ್ಪ ಹರಡಿದರೆ ಸಾಕು. ಆಮೇಲೆ ಒಣಗುತ್ತಾ ಬಂದಂತೆ ಮೇಲಿನಿಂದ ಚಿಮುಕಿಸುವುದಕ್ಕಿಂತ ಮೂಲೆಗಳಲ್ಲಿ ನಿಧಾನಕ್ಕೆ ನೀರು ಹುಯ್ಯುವುದು ಒಳ್ಳೆಯದು. ಅಡಿಯ ಪದರ ತೇವವಾಗಿರುತ್ತದೆ, ಹಾವಿನ ಹೊಟ್ಟೆ ತಾಗುವ ಮೇಲ್ಪದರ ಒಣಗಿರುತ್ತದೆ. ಇದು ಉಲ್ಟಾ ಆಯಿತೋ, ತೊಂದರೆ ಶುರು. ಸದಾ ಒದ್ದೆಯಾದ, ಗಲೀಜು ಹಾಸಿನ ಮೇಲೆ ಬಿದ್ದಿರುವ ಹಾವಿನ ಹೊಟ್ಟೆಯ ಹುರುಪೆಗಳು ಕೆಂಪಾಗಿ, ಗುಳ್ಳೆ ಎದ್ದು, ಕೊಳೆಯುತ್ತವೆ. ಇಂಗ್ಲಿಷಿನಲ್ಲಿ ಸ್ಕೇಲ್ ರಾಟ್ ಅನ್ನುವುದು ಇದಕ್ಕೇ. ಪೂರ್ತಿ ಒಣಗಲು ಬಿಟ್ಟರೆ ಇನ್ನೊಂದು ಕಷ್ಟ, ಪುಡಿ ಧೂಳಾಗಿ ಏಳುತ್ತದೆ. ಹಾವಿಗೆ ನಮ್ಮಂತೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ಇಲ್ಲ, ಜೋರಾಗಿ ಕೆಮ್ಮಿ ಕಸ ಹೊರಹಾಕುವುದು ಅದಕ್ಕೆ ಆಗುವುದಿಲ್ಲ. ಹಾಗಾಗಿ ಬರೀ ಪುಡಿಗಿಂತ ತೆಂಗಿನ ಸಿಪ್ಪೆಯ ಚೂರು ಬೆರೆಸಿದ್ದು ನನಗೆ ಜಾಸ್ತಿ ಇಷ್ಟ. ಗಿಡಕ್ಕೆಂದು ಗೊಬ್ಬರ ಸೇರಿಸಿದ ಕೊಕೊಪೀಟ್ ಮಾತ್ರ ಬೇಡವೇ ಬೇಡ.

ಇದೇ ಹಾಸು ಎಲ್ಲ ಹಾವಿಗೂ ಸರಿಹೋಗುತ್ತದಾ? ಇಲ್ಲ. ಅಮೆರಿಕದ ಆಗ್ನೇಯ ರಾಜ್ಯಗಳ ಕಾರ್ನ್ ಸ್ನೇಕ್‌ಗೆ ಶೇ. 40ರಿಂದ 60ರ ತೇವ ಸಾಕು. ಅದಕ್ಕೆ ಆಸ್ಪೆನ್ ಮರದ ಸಿಪ್ಪೆ ಹಾಕುವುದು ಹಳೆಯ ರೂಢಿ. ಬಡಗಿ ಕೀಸುಳಿ ಹಾಕುವಾಗ ಸುರುಳಿ ಸುರುಳಿಯಾಗಿ ಬೀಳುತ್ತದಲ್ಲ, ಅಂಥದ್ದು. ಹಾವು ಅದರೊಳಗೆ ನುಗ್ಗಿದರೆ ಸುರಂಗ ಕುಸಿಯದೆ ಹಾಗೇ ನಿಲ್ಲುತ್ತದೆ, ಅದೇ ಅದರ ಹೆಚ್ಚುಗಾರಿಕೆ. ಮೂತಿ ಮೇಲಕ್ಕೆ ತಿರುಗಿರುವ, ಮಣ್ಣು ತೋಡುವ ಹಾಗ್‌ನೋಸ್ ಹಾವಿಗೂ ಇದು ಖುಷಿ. ಆದರೆ ನೀರು ಬಿದ್ದರೆ ಬೂಸ್ಟು ಬರುತ್ತದೆ. ಬಾಲ್ ಪೈಥಾನ್‌ಗೆ ಇದನ್ನೇ ಹಾಕಿ, ತೇವ ಸಾಲದು ಅಂತ ದಿನಾ ನೀರು ಹೊಡೆದು, ಕೊನೆಗೆ ಬೂಸ್ಟು ಬಂತು ಅಂತ ಬೇಜಾರು ಮಾಡಿಕೊಳ್ಳುವವರು ಬಹಳ.

ಮರದ ಸಿಪ್ಪೆ ಅಂದರೆ ಯಾವ ಮರವಾದರೂ ಆದೀತು ಅಂದುಕೊಳ್ಳಬೇಡಿ. ಸೀಡರ್ ಅಂತೂ ಕೂಡದು. ಬಟ್ಟೆಗೆ ಹುಳ ಹಿಡಿಯದಿರಲಿ ಅಂತ ಕಪಾಟಿನಲ್ಲಿ ಇಡುವ ಮರ ಅದು. ಹುಳವನ್ನು ಓಡಿಸುವ ಅದೇ ಘಾಟು ಎಣ್ಣೆ ಮುಚ್ಚಿದ ಪೆಟ್ಟಿಗೆಯಲ್ಲಿ ಹಾವಿನ ಶ್ವಾಸಕೋಶಕ್ಕೂ ವಿಷ. ಪೈನ್ ಬಗ್ಗೆ ಎರಡು ಮಾತಿದೆ. ಬಿಸಿ ಗೂಡಿನಲ್ಲಿ (ಕಿಲ್ನ್) ಒಣಗಿಸಿದ್ದಾದರೆ ಪರವಾಗಿಲ್ಲ ಅನ್ನುವವರಿದ್ದಾರೆ. ಬೇರೆ ಹಾಸು ಸಿಗುವಾಗ ಅದರ ಗೊಡವೆ ಯಾಕೆ?

ಹೊಸದಾಗಿ ಮನೆಗೆ ಬಂದ ಹಾವಿಗೆ ಮಾತ್ರ ನ್ಯೂಸ್‌ಪೇಪರು, ಇಲ್ಲವೇ ಅಡುಗೆಮನೆಯ ಬಿಳಿ ಪೇಪರ್ ಟವೆಲ್ ಸಾಕು. ನೋಡಲು ಬಡ ಹಾಸು. ಆದರೆ ಮೊದಲ ಒಂದೆರಡು ತಿಂಗಳು ನಾವು ಹಾವನ್ನು ಓದಬೇಕು. ಬಿಳಿ ಕಾಗದದ ಮೇಲೆ ಕಾಳುಮೆಣಸಿನ ಪುಡಿ ಉದುರಿದ ಹಾಗೆ ಕಪ್ಪು ಚುಕ್ಕಿ ಓಡಾಡಿದರೆ ನುಸಿ ಇದೆ ಅಂತ ತಕ್ಷಣ ಗೊತ್ತಾಗುತ್ತದೆ. ಮಲ ಹೇಗಿದೆ ಅಂತಲೂ ಕಾಣುತ್ತದೆ. ಕಂದು ತೆಂಗಿನ ಪುಡಿಯಲ್ಲಿ ಇವೆಲ್ಲ ಮುಚ್ಚಿಹೋಗುತ್ತವೆ. ಅಡಗಲು ಒಂದು ಡಬ್ಬಿ ಮಾತ್ರ ಇಡಲೇಬೇಕು, ಯಾಕೆಂದರೆ ಕಾಗದದಲ್ಲಿ ಹೂತುಕೊಳ್ಳಲು ಆಗುವುದಿಲ್ಲ.

ಇತ್ತೀಚೆಗೆ ಬಯೋಆಕ್ಟಿವ್ ಅನ್ನುವ ಮಾತೂ ಕೇಳುತ್ತದೆ. ಮಣ್ಣು, ತರಗೆಲೆ, ಜೀವಂತ ಗಿಡ ಹಾಕಿ, ಹಾವಿನ ಹೊಲಸನ್ನು ತಿಂದು ಅರಗಿಸುವ ಸ್ಪ್ರಿಂಗ್‌ಟೇಲ್, ಐಸೊಪಾಡ್ ಹುಳುಗಳನ್ನು ಬಿಡುವುದು. ಕಾಡಿನ ನೆಲದ ಸಣ್ಣ ತುಂಡು ಅದು. ಚೆಂದವೇ, ಆದರೆ ಮೊದಲ ಹಾವಿಗೆ ಬೇಡ. ಒಂದು ಹಾವನ್ನು ನೋಡಿಕೊಳ್ಳಲು ಕಲಿಯುವ ಹೊತ್ತಲ್ಲಿ ನೂರಾರು ಹುಳುಗಳ ಸಂಸಾರವೂ ಯಾಕೆ?

ಬಿಸಿಯ ವಿಷಯದಲ್ಲೂ ಹಾಸು ಆಟ ಆಡುತ್ತದೆ. ಪೆಟ್ಟಿಗೆಯ ಅಡಿಗೆ ಹೀಟ್ ಮ್ಯಾಟ್ ಇಟ್ಟು ಮೇಲೆ ದಪ್ಪ ಹಾಸು ಹರಡಿದರೆ ಬಿಸಿ ಮೇಲೆ ಬರುವುದಿಲ್ಲ. ಬಿಸಿ ಸಾಲದ ಹಾವು ತೋಡಿಕೊಂಡು ಕೆಳಗಿಳಿದು ಕಾದ ಗಾಜಿಗೇ ಹೊಟ್ಟೆ ಅಂಟಿಸುತ್ತದೆ, ಸುಟ್ಟುಕೊಳ್ಳುತ್ತದೆ. ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕಲೇಬಾರದು. ಹಾಸು ದಪ್ಪವಿದ್ದರೆ ಮೇಲಿನಿಂದ ಬಿಸಿ ಕೊಡುವುದೇ ವಾಸಿ.

ಭಾರತದಲ್ಲಿರುವವರಿಗೆ ಒಂದು ಮಾತು. ಮಣ್ಣುಮುಕ್ಕ, ಕೇರೆ, ನಾಗರ, ಹೆಬ್ಬಾವು ಯಾವುದನ್ನೂ ಹಿಡಿದು ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ, ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ವಿದೇಶಿ ಹಾವಿದ್ದರೆ 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಹಾಸಿನ ಯೋಚನೆ ಅದಾದ ಮೇಲೆ.

ಹಾಸು ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯಲು ತೇವಾಂಶ ಅಳೆಯುವ ಮೀಟರ್ ಇದೆ. ಆದರೆ ಹಾವೇ ಕೊಡುವ ಲೆಕ್ಕ ಇನ್ನೂ ಚೆನ್ನ. ಪೊರೆ ಬಿಟ್ಟ ದಿನ ಆ ಪೊರೆಯನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಚೂರು ಚೂರಾಗಿದ್ದರೆ ಹಾಸು ಒಣಗಿದೆ ಅನ್ನುವ ಅನುಮಾನ ಮೊದಲು ಬರಲಿ. ಕಾಲುಚೀಲ ತೆಗೆದ ಹಾಗೆ ಒಂದೇ ತುಂಡಾಗಿ ಬಂದಿದ್ದರೆ ತಲೆಯ ಭಾಗ ಹುಡುಕಿ. ಕಣ್ಣಿನ ಜಾಗದಲ್ಲಿ ಗಾಜಿನಂಥ ಎರಡು ಪುಟ್ಟ ಬಿಲ್ಲೆಗಳು ಇರಬೇಕು. ಎರಡೂ ಇದ್ದರೆ, ಈ ತಿಂಗಳು ಹಾಸಿನ ಹದ ಬದಲಿಸುವುದು ಬೇಡ.