ಪದ ಪರಿಚಯ: ಸ್ಥಳೀಯ ಸಂಸ್ಥೆಗಳ ನೆರೆ ನಿಯಂತ್ರಣಾಧಿಕಾರ

ನೀರು ಊರಿಗೆ ನುಗ್ಗದಂತೆ ಮೊದಲೇ ತಡೆಯಲು, ನುಗ್ಗಿದಾಗ ಜನ, ಜಾನುವಾರು, ಸೊತ್ತುಗಳನ್ನು ಕಾಪಾಡಲು ಕಾನೂನು ಆಡಳಿತಕ್ಕೆ ಕೊಟ್ಟಿರುವ ಅಧಿಕಾರವೇ ನೆರೆ ನಿಯಂತ್ರಣಾಧಿಕಾರ. ಇದು ಒಂದೇ ಕಚೇರಿಯಲ್ಲಿ ಇಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ರಾಯಚೂರು ಜಿಲ್ಲೆಯಲ್ಲಿ ಹೊಳೆ ಬಂದಾಗಲೆಲ್ಲ ಪಂಚಾಯಿತಿಯವರು ಏನು ಮಾಡುತ್ತಿದ್ದಾರೆ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರಿಸುವ ಮುನ್ನ ಪಂಚಾಯಿತಿಯ ಕೈಯಲ್ಲಿ ಏನಿಲ್ಲ ಎಂಬುದನ್ನು ತಿಳಿಯಬೇಕು.

ಅಣೆಕಟ್ಟೆಯ ಗೇಟು ಅದರ ಕೈಯಲ್ಲಿಲ್ಲ. ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳನ್ನು ನಿರ್ವಹಿಸುವುದು ತುಂಗಭದ್ರಾ ಮಂಡಳಿ. ಕೃಷ್ಣೆಗೆ ಕಟ್ಟಿರುವ ನಾರಾಯಣಪುರದ ಬಸವಸಾಗರ ಜಲಾಶಯ ಕೃಷ್ಣಾ ಭಾಗ್ಯ ಜಲ ನಿಗಮಕ್ಕೆ ಸೇರಿದ್ದು. 2024ರ ಆಗಸ್ಟ್‌ನಲ್ಲಿ ಚೈನ್ ತುಂಡಾಗಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಂಥ ಸಂದರ್ಭದಲ್ಲಿ ಕೆಳದಂಡೆಯ ಗ್ರಾಮ ಪಂಚಾಯಿತಿಗೆ ಉಳಿಯುವುದು ಎಚ್ಚರಿಕೆಯನ್ನು ಮನೆಮನೆಗೆ ಮುಟ್ಟಿಸುವ ಕೆಲಸವಷ್ಟೇ.

ನೆರೆ ಬಂದ ಮೇಲೆ ಅಧಿಕಾರ ಬಹುಮಟ್ಟಿಗೆ ಜಿಲ್ಲಾಧಿಕಾರಿಯತ್ತ ಸರಿಯುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಅವರು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. 34ನೇ ಕಲಮಿನ ಪ್ರಕಾರ ಈ ಪ್ರಾಧಿಕಾರವು ಅಪಾಯದ ಪ್ರದೇಶಕ್ಕೆ ಪ್ರವೇಶ ನಿರ್ಬಂಧಿಸಬಹುದು, ವಾಹನ ಸಂಚಾರ ತಡೆಯಬಹುದು, ಆಶ್ರಯ ಮತ್ತು ಆಹಾರ ಒದಗಿಸಬಹುದು, 65ನೇ ಕಲಮಿನ ಪ್ರಕಾರ ವಾಹನ, ಕಟ್ಟಡಗಳನ್ನು ತಾತ್ಕಾಲಿಕವಾಗಿ ವಶಕ್ಕೆ ಪಡೆಯಬಹುದು. ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಗೆ ಇಲ್ಲಿ ಸಹ ಅಧ್ಯಕ್ಷ ಸ್ಥಾನವಿದೆ. ಆದರೆ 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದ ನಮ್ಮ ರಾಜ್ಯದಲ್ಲಿ ಆ ಸ್ಥಾನ ಕಾಗದದ ಮೇಲಷ್ಟೇ ಉಳಿದಂತಾಯಿತು.

ಹಾಗಾದರೆ ಸ್ಥಳೀಯ ಸಂಸ್ಥೆಯ ನಿಜವಾದ ಬಲ ಇರುವುದು ಎಲ್ಲಿ? ಹೊಳೆ ಬತ್ತಿರುವ ಬೇಸಿಗೆಯಲ್ಲಿ, ಯಾರೂ ನೆರೆಯ ಮಾತೆತ್ತದ ದಿನಗಳಲ್ಲಿ. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯಿತಿಗೂ, 1964ರ ಪುರಸಭೆಗಳ ಕಾಯ್ದೆ ಪಟ್ಟಣಗಳಿಗೂ ಚರಂಡಿ ಕಟ್ಟಿ ಹೂಳೆತ್ತಿಸುವ ಹೊಣೆಯನ್ನೂ, ಚರಂಡಿ ಮತ್ತು ರಸ್ತೆಯ ಮೇಲಿನ ಅಡೆತಡೆಗಳನ್ನು ತೆರವು ಮಾಡಿಸುವ ಅಧಿಕಾರವನ್ನೂ ಕೊಟ್ಟಿವೆ. ಮನೆ ಕಟ್ಟಲು ಪರವಾನಗಿ ಕೊಡುವವರೂ ಅವರೇ ಆದ್ದರಿಂದ ಹಳ್ಳದ ಅಂಚಿನಲ್ಲಿ ಗೋಡೆ ಏಳುವುದನ್ನು ಮೊದಲ ಹಂತದಲ್ಲೇ ತಡೆಯಬಲ್ಲವರು ಬೇರೆ ಯಾರೂ ಅಲ್ಲ. ಒಮ್ಮೆ ಒತ್ತುವರಿಯಾಗಿ, ಆ ಹಳ್ಳ ಸರ್ಕಾರಿ ಜಾಗವೆಂದು ದಾಖಲೆಯಲ್ಲಿದ್ದರೆ, ವಿಷಯ ಭೂಕಂದಾಯ ಕಾಯ್ದೆಯಡಿ ತಹಶೀಲ್ದಾರರಿಗೆ ಹೋಗುತ್ತದೆ. ಸರ್ವೆ, ನೋಟಿಸು, ಮೇಲ್ಮನವಿಗಳ ನಡುವೆ ಒಂದೆರಡು ಮಳೆಗಾಲಗಳು ಕಳೆದುಹೋಗುವುದು ಅಪರೂಪವೇನಲ್ಲ. ವಿಪತ್ತು ಕಾಯ್ದೆಯ 41ನೇ ಕಲಮು ಕೂಡ ಸಿಬ್ಬಂದಿಗೆ ತರಬೇತಿ, ಸದಾ ಸಿದ್ಧವಿರುವ ಸಲಕರಣೆ, ನಿಯಮಬದ್ಧ ಕಟ್ಟಡಗಳ ಹೊಣೆಯನ್ನು ಸ್ಥಳೀಯ ಸಂಸ್ಥೆಯ ಮೇಲೆಯೇ ಹಾಕಿದೆ. ಅದಕ್ಕೆ ತಕ್ಕ ಹಣ ಎಲ್ಲಿಂದ ಎಂಬ ಪ್ರಶ್ನೆ ಬೇರೆ.

ಲಿಂಗಸುಗೂರು ತಾಲ್ಲೂಕಿನ ಕೃಷ್ಣೆಯ ನಡುಗಡ್ಡೆಗಳಂಥ ಕಡೆ ಕಾನೂನಿನ ಕೈ ಇನ್ನೂ ಗಿಡ್ಡ. ತೆರವಿನ ಆದೇಶ ಜಿಲ್ಲಾಡಳಿತದ್ದಾದರೂ, ಹೊಲವನ್ನೂ ದನಕರುಗಳನ್ನೂ ಬಿಟ್ಟುಬರಲು ಒಪ್ಪದವರ ಮನವೊಲಿಸಿ ಕಾಳಜಿ ಕೇಂದ್ರಕ್ಕೆ ಕರೆತರಲು ಊರಿನ ಪಂಚಾಯಿತಿಯವರಂಥ ಪರಿಚಯದ ಮುಖಗಳೇ ಬೇಕು.

ವಿಪತ್ತು ನಿರ್ವಹಣಾ ಕಾಯ್ದೆಗೆ 2025ರಲ್ಲಿ ಬಂದ ತಿದ್ದುಪಡಿಯಂತೆ ಮಹಾನಗರ ಪಾಲಿಕೆಯುಳ್ಳ ನಗರಗಳಿಗೆ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರವನ್ನು ರಾಜ್ಯ ಸರ್ಕಾರ ರಚಿಸಬಹುದು. ಬಳ್ಳಾರಿಯಂಥ ನಗರಕ್ಕೆ ಈ ಅವಕಾಶವುಂಟು. ಹೊಳೆದಂಡೆಯ ಗ್ರಾಮ ಪಂಚಾಯಿತಿಗಳಿಗೆ ಇಲ್ಲ.