ದುಡ್ಡು 14 ವಾರಕ್ಕೆ ನಿಲ್ಲುತ್ತದೆ, ಸೂಜಿ ನಿಲ್ಲುವುದಿಲ್ಲ

ಮಗುವಿಗೆ ಸೂಜಿ ಹಾಕಿಸಿದ ಮೇಲೆ ಅಮ್ಮಂದಿರು ಮೊದಲು ಕೇಳುವುದು ಜ್ವರ ಬರುತ್ತಾ ಅಂತ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, ‘ಆ ದುಡ್ಡು ಯಾವಾಗ ಬರುತ್ತೆ ಡಾಕ್ಟ್ರೇ?’ ದನಿ ತಗ್ಗಿಸುವ ಅಗತ್ಯವೇ ಇಲ್ಲ. ಅದು ಯಾರೋ ಕೊಡುವ ಬಕ್ಷೀಸಲ್ಲ. ಬಸುರಿ, ಬಾಣಂತಿಯರಿಗೆ 6,000 ರೂಪಾಯಿಗೆ ಕಡಿಮೆಯಿಲ್ಲದಂತೆ ಕೊಡಬೇಕು ಅಂತ 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಇದೆ.

ಆ ಕಾಯ್ದೆಯ ಪ್ರಕಾರ 2017ರಲ್ಲಿ ಬಂದದ್ದು ಪ್ರಧಾನ ಮಂತ್ರಿ ಮಾತೃವಂದನಾ ಯೋಜನೆ. ಮೊದಲ ಮಗುವಿಗೆ 5,000 ರೂಪಾಯಿ, ಕಾಯ್ದೆ ಹೇಳಿದ್ದಕ್ಕಿಂತ ಸಾವಿರ ಕಡಿಮೆ. ಈಗ ಅದು ಎರಡು ಕಂತು. ಬಸುರಿ ಅಂತ ಹೆಸರು ಬರೆಸಿ, ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡರೆ 3,000. ಮಗುವಿನ ಜನನ ನೋಂದಣಿ ಆಗಿ, ಮೊದಲ ಸುತ್ತಿನ ಲಸಿಕೆ ಮುಗಿದರೆ ಉಳಿದ 2,000. ಎರಡನೆಯದು ಹೆಣ್ಣು ಮಗುವಾದರೆ ಒಂದೇ ಸಲಕ್ಕೆ 6,000. ಬಿಪಿಎಲ್ ಕಾರ್ಡ್, ಉದ್ಯೋಗ ಖಾತ್ರಿ ಕಾರ್ಡ್, ಇ-ಶ್ರಮ್ ಕಾರ್ಡ್ ಇಂಥದ್ದರಲ್ಲಿ ಒಂದಿದ್ದರೂ ಅರ್ಜಿ ಹಾಕಬಹುದು. ಸರ್ಕಾರಿ ನೌಕರಿಯಲ್ಲಿ ಇರುವವರಿಗೆ, ಬೇರೆ ಕಾಯ್ದೆಯಲ್ಲಿ ಇಂಥದ್ದೇ ಸೌಲಭ್ಯ ಪಡೆಯುವವರಿಗೆ ಇಲ್ಲ.

ಮೊದಲ ಸುತ್ತು ಅಂದರೆ ಹುಟ್ಟಿದಾಗಿನ ಬಿಸಿಜಿ, ಹೆಪಟೈಟಿಸ್ ಬಿ, ಪೋಲಿಯೋ ಹನಿ. ಆಮೇಲೆ 6, 10 ಮತ್ತು 14 ವಾರಕ್ಕೆ ಪೆಂಟಾ ಸೂಜಿ, ಮತ್ತೆ ಹನಿ. ಈ ಪೆಂಟಾದಲ್ಲೇ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ನ್ಯುಮೋನಿಯಾ, ಮಿದುಳುಪೊರೆಯ ಸೋಂಕು ತರುವ ರೋಗಾಣು) ಐದರ ಲಸಿಕೆಯೂ ಸೇರಿದೆ.

ಇಲ್ಲೇ ಗಂಟು ಬೀಳುವುದು. ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲಿ ಅಲ್ವಾ? ಹುಡುಗಿ ಹೆಸರು ಬರೆಸಿದ್ದು ಗಂಡನ ಊರಿನ ಅಂಗನವಾಡಿಯಲ್ಲಿ. ಏಳರಲ್ಲೋ ಎಂಟರಲ್ಲೋ ತವರಿಗೆ ಹೊರಟಳು. ಹೆರಿಗೆ, ನಾಮಕರಣ, ಬಾಣಂತನ ಎಲ್ಲ ಅಲ್ಲೇ. 6, 10, 14 ವಾರದ ಸೂಜಿಗಳೂ ಅಲ್ಲೇ ಬಿದ್ದವು. ಸೂಜಿ ಹಾಕುವುದು ಆರೋಗ್ಯ ಇಲಾಖೆ, ದುಡ್ಡಿನ ಅರ್ಜಿ ನೋಡುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ. ಇಲಾಖೆ ಎರಡು, ಊರೂ ಎರಡು. ಮಗುವಿಗೆ ಎಲ್ಲ ಸೂಜಿ ಆಗಿದೆ, ಆದರೆ ಗಂಡನ ಊರಿನ ಅಂಗನವಾಡಿ ಟೀಚರಿಗೆ ಅದು ಗೊತ್ತೇ ಇಲ್ಲ.

ನಾನು ನೋಡುವ ತಾಯಿ ಕಾರ್ಡ್‌ಗಳಲ್ಲಿ ಇದು ಎದ್ದು ಕಾಣುತ್ತದೆ. ಲಸಿಕೆ ಪುಟದಲ್ಲಿ 6 ವಾರದ ಸಾಲಿನಲ್ಲಿ ತಾರೀಕು ಇರುತ್ತದೆ, 10 ಮತ್ತು 14ರ ಸಾಲು ಖಾಲಿ. ‘ಹಾಕ್ಸಿಲ್ವೇನಮ್ಮಾ?’ ಅಂದರೆ, ‘ಹಾಕ್ಸಿದ್ದೀವಿ ಸರ್, ಕಾರ್ಡ್ ಮರೆತು ಹೋಗಿದ್ವಿ, ಚೀಟೀಲಿ ಬರೆದುಕೊಟ್ರು’ ಅಂತ ಪರ್ಸಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆಯುತ್ತಾರೆ. ಇನ್ನು ಕೆಲವರು ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಹಾಕಿಸಿರುತ್ತಾರೆ. ಆ ಫೈಲು ಬೇರೆ, ತಾಯಿ ಕಾರ್ಡ್ ಬೇರೆ. ಖಾಸಗಿಯಲ್ಲಿ ಹಾಕಿಸಿದ ಸೂಜಿಯೂ ಲೆಕ್ಕಕ್ಕೆ ಬರುತ್ತದೆ, ತಾರೀಕು ಸಮೇತ ತಾಯಿ ಕಾರ್ಡಿಗೆ ಏರಿಸಿಕೊಳ್ಳಬೇಕು ಅಷ್ಟೇ. ತವರು ಬಿಡುವ ಮೊದಲು ಅಲ್ಲಿನ ಸಿಸ್ಟರ್ ಹತ್ತಿರ ಕಾರ್ಡ್ ತುಂಬಿಸಿಕೊಳ್ಳಿ. ಆ ಪುಟದ ಫೋಟೋ ತೆಗೆದು ಗಂಡನ ಊರಿನ ಅಂಗನವಾಡಿ ಟೀಚರಿಗೆ ವಾಟ್ಸಾಪ್ ಮಾಡಿ. ನನ್ನ ಅನುಭವದಲ್ಲಿ ಅರ್ಧ ತಕರಾರು ಇದರಲ್ಲೇ ಬಗೆಹರಿಯುತ್ತದೆ.

ಉಳಿದರ್ಧ ಬ್ಯಾಂಕಿನದು. ದುಡ್ಡು ಬರುವುದು ತಾಯಿಯ ಹೆಸರಿನ, ಆಧಾರ್ ಜೋಡಿಸಿದ ಖಾತೆಗೆ. ಗೃಹಲಕ್ಷ್ಮಿ ಅತ್ತೆಯ ಖಾತೆಗೆ ಬರುತ್ತಿದೆ, ಇದೂ ಅಲ್ಲಿಗೇ ಬರಲಿ ಅಂದರೆ ಆಗುವುದಿಲ್ಲ. ಮದುವೆಗೆ ಮೊದಲು ಕಾಲೇಜಿನ ಸ್ಕಾಲರ್‌ಶಿಪ್‌ಗೆಂದು ತೆಗೆದ ಹಳೇ ಖಾತೆಗೆ ಆಧಾರ್ ಜೋಡಣೆ ಆಗಿದ್ದರೆ ದುಡ್ಡು ಸುಮ್ನೆ ಅಲ್ಲಿ ಹೋಗಿ ಕೂತಿರುತ್ತದೆ. ಬಂದೇ ಇಲ್ಲ ಅಂತ ಜಗಳಕ್ಕೆ ಹೋಗುವ ಮೊದಲು ಅದನ್ನೊಮ್ಮೆ ನೋಡಿ.

ಇಷ್ಟು ದುಡ್ಡಿನ ಆಸೆಗೆ ಜನ ಲಸಿಕೆ ಹಾಕಿಸುತ್ತಾರಾ? ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಕೆಲವು ಊರುಗಳಲ್ಲಿ ತಪ್ಪದೆ ಲಸಿಕೆ ಕ್ಯಾಂಪ್ ನಡೆಸಿದರು. ಇನ್ನು ಕೆಲವು ಊರುಗಳಲ್ಲಿ ಕ್ಯಾಂಪಿನ ಜೊತೆಗೆ ಪ್ರತಿ ಸಲ 1 ಕಿಲೋ ಬೇಳೆ, ಎಲ್ಲ ಮುಗಿಸಿದರೆ ಊಟದ ತಟ್ಟೆಗಳು. ಏನೂ ಮಾಡದ ಊರುಗಳಲ್ಲಿ ಪೂರ್ತಿ ಲಸಿಕೆ ಆದ ಮಕ್ಕಳು ಶೇ. 6. ಕ್ಯಾಂಪ್ ಇದ್ದಲ್ಲಿ 18. ಬೇಳೆಯೂ ಸಿಕ್ಕಲ್ಲಿ 39.

ಬೇಳೆ ಗೆದ್ದದ್ದು ಅದರ ಬೆಲೆಯಿಂದ ಅಲ್ಲ, ಸೂಜಿ ಹಾಕಿಸಿದ ದಿನವೇ ಕೈಗೆ ಸಿಕ್ಕಿತಲ್ಲ, ಅದರಿಂದ ಅಂತ ನನ್ನ ಲೆಕ್ಕ. ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದ ತಾಯಿಗೆ ಖರ್ಚು ಆಗುವುದು ಇವತ್ತು. ನಮ್ಮ 2,000 ಬರುವುದು ಯಾವತ್ತೋ. ಅದು ಬಾಣಂತಿಯ ಹಾಲು, ಹಣ್ಣಿಗೆ ಖಂಡಿತ ಆಗಿಬರುತ್ತದೆ. ಆದರೆ ಹಿಂಜರಿಯುವ ತಾಯಿಯನ್ನು ಗುರುವಾರದ ಲಸಿಕೆ ಸಾಲಿಗೆ ಕರೆತರುವ ಶಕ್ತಿ ಅದಕ್ಕೆ ಇದ್ದ ಹಾಗೆ ಕಾಣುವುದಿಲ್ಲ.

ನನಗೆ ಇನ್ನೂ ಜಾಸ್ತಿ ಚಿಂತೆ ಬೇರೆಯದು. ದುಡ್ಡಿನ ಷರತ್ತು 14 ವಾರಕ್ಕೆ ಮುಗಿಯುತ್ತದೆ. 9 ತಿಂಗಳಿಗೆ ದಡಾರ-ರುಬೆಲ್ಲಾ ಸೂಜಿ ಇದೆ. 16ರಿಂದ 24 ತಿಂಗಳ ನಡುವೆ ಅದರ ಎರಡನೇ ಡೋಸ್, ಜೊತೆಗೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುವಿನ ಡಿಪಿಟಿ ಬೂಸ್ಟರ್. ಇವಕ್ಕೆ ಈ ಯೋಜನೆಯಲ್ಲಿ ಒಂದು ಪೈಸೆಯೂ ಇಲ್ಲ. ಅಷ್ಟು ಹೊತ್ತಿಗೆ ಬಾಣಂತನ ಮುಗಿದಿದೆ, ತಾಯಿ ಗಂಡನ ಮನೆಗೆ ಬಂದು ಗದ್ದೆಗೋ ಗಾರ್ಮೆಂಟ್ಸ್‌ಗೋ ಹೋಗುತ್ತಿದ್ದಾಳೆ. ಸೂಜಿ ತಪ್ಪುವುದು ಹೆಚ್ಚಾಗಿ ಈಗಲೇ. ‘ಎಲ್ಲ ಆಯ್ತಲ್ಲ ಸರ್, ದುಡ್ಡೂ ಬಂತು’ ಅನ್ನುವವರಿದ್ದಾರೆ. 2006ರಲ್ಲಿ ಶುರುವಾದ ನಮ್ಮ ರಾಜ್ಯದ ಭಾಗ್ಯಲಕ್ಷ್ಮಿ ಈ ವಿಷಯದಲ್ಲಿ ವಾಸಿ. ಬಾಂಡಿನ ದುಡ್ಡು ಕೈಗೆ ಸಿಗಬೇಕಾದರೆ ಶಾಲೆ, ಮದುವೆ ವಯಸ್ಸಿನ ಷರತ್ತಿನ ಜೊತೆ ಲಸಿಕೆಯದೂ ಇತ್ತು. ಆದರೆ ಅದು ಬಡ ಮನೆಯ ಹೆಣ್ಣು ಮಕ್ಕಳಿಗೆ ಮಾತ್ರ.

ತಡವಾಗಿದೆ ಅಂತ ಬರದೇ ಇರಬೇಡಿ. 14 ವಾರದ ಸೂಜಿ 20ನೇ ವಾರಕ್ಕೆ ಹಾಕಿಸಿದರೂ ಹಾಕಿಸಿದಂತೆಯೇ, ಮೊದಲಿನಿಂದ ಮತ್ತೆ ಶುರು ಮಾಡುವುದಿಲ್ಲ. ದಡಾರದ್ದು ತಪ್ಪಿದ್ದರೆ 5 ವರ್ಷದೊಳಗೆ ಯಾವಾಗ ಬಂದರೂ ಹಾಕುತ್ತೇವೆ. ಬರುವಾಗ ತಾಯಿ ಕಾರ್ಡ್ ತನ್ನಿ. ಕಳೆದುಹೋಗಿದ್ದರೆ ಹಾಗೇ ಬನ್ನಿ, ಬೈಯುವುದಿಲ್ಲ.