ಸೋಲಿಗೆ ಮ್ಯಾನೇಜರ್ ತಲೆದಂಡ: ತೆಗೆದುಹಾಕಿದರೆ ತಂಡ ಗೆಲ್ಲುತ್ತದಾ?

ಓದುಗರ ಪ್ರಶ್ನೆ: ನಾವಿರುವುದು ದಕ್ಷಿಣ ನ್ಯೂಜೆರ್ಸಿಯಲ್ಲಿ. ಮಕ್ಕಳ ದೆಸೆಯಿಂದ ನಮಗೂ ಬೇಸ್‌ಬಾಲ್ ಹುಚ್ಚು ಹತ್ತಿದೆ. ಆಡುವವರು ಆಟಗಾರರು, ಆದರೆ ತಂಡ ಸೋತರೆ ಮನೆಗೆ ಹೋಗುವವರು ಮ್ಯಾನೇಜರ್. 2022ರಲ್ಲಿ ಫಿಲಡೆಲ್ಫಿಯಾ ಫಿಲೀಸ್ ತಂಡ ಮ್ಯಾನೇಜರ್‌ಗೆ ಕೊಕ್ ಕೊಟ್ಟು ವರ್ಲ್ಡ್ ಸೀರೀಸ್‌ವರೆಗೂ, ಅಂದರೆ ಫೈನಲ್‌ವರೆಗೂ, ಹೋಯಿತು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಮ್ಯಾನೇಜರ್ ಬದಲಾದರೆ ತಂಡ ನಿಜಕ್ಕೂ ಸುಧಾರಿಸುತ್ತದಾ?

ಉತ್ತರ: ಕೆಲವೊಮ್ಮೆ ಸುಧಾರಿಸುತ್ತದೆ. ಆದರೆ ಅಭಿಮಾನಿಗಳು ಮುಂದಿಡುವ ಸಾಕ್ಷಿ ಇದೆಯಲ್ಲ, "ತೆಗೆದ ದಿನದಿಂದಲೇ ಗೆಲ್ಲೋಕೆ ಶುರು ಮಾಡಿದ್ರು" ಅನ್ನುವುದು, ಅದನ್ನು ನಂಬುವಂತಿಲ್ಲ. ನೀವು ಹೇಳಿದ ಫಿಲೀಸ್ ಕಥೆಯನ್ನೇ ಹಿಡಿದು ನೋಡೋಣ. ಅದರ ಪಕ್ಕದಲ್ಲೇ, ಅದೇ ವಾರ ನಡೆದ ಇನ್ನೊಂದು ಕಥೆ ಇದೆ. ಅದನ್ನು ಯಾರೂ ಹೇಳುವುದಿಲ್ಲ.

ಬೇಸ್‌ಬಾಲ್ ಅಷ್ಟಾಗಿ ನೋಡದವರಿಗೆ ಒಂದು ಮಾತು. ಕ್ರಿಕೆಟ್‌ನಲ್ಲಿ ನಾಯಕ ಮೈದಾನದ ನಡುವೆ ನಿಂತು ಮಾಡುವ ಕೆಲಸದ ಬಹುಪಾಲನ್ನು ಇಲ್ಲಿ ಮ್ಯಾನೇಜರ್ ಡಗ್‌ಔಟ್‌ನಲ್ಲಿದ್ದು ಮಾಡುತ್ತಾರೆ. ಬ್ಯಾಟಿಂಗ್ ಕ್ರಮಾಂಕ, ಚೆಂಡೆಸೆಯುವ ಪಿಚರ್‌ನನ್ನು ಯಾವಾಗ ಬದಲಿಸಬೇಕು, ಯಾರಿಗೆ ವಿಶ್ರಾಂತಿ ಕೊಡಬೇಕು, ಎಲ್ಲ ಅವರ ತೀರ್ಮಾನ. ಆದರೆ ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ಹಣ ಕೊಡಬೇಕು ಎನ್ನುವುದು ಮೇಲಿನ ಕಚೇರಿಯವರ ಕೆಲಸ. ತಂಡ ಕಟ್ಟುವವರು ಬೇರೆ, ಆಡಿಸುವವರು ಬೇರೆ. ಈ ಗೆರೆ ನೆನಪಿದ್ದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

2022ರ ಜೂನ್ 3, ಶುಕ್ರವಾರ. ಫಿಲೀಸ್ ಆಗ 22 ಗೆದ್ದು 29 ಸೋತಿತ್ತು. 2011ರ ನಂತರ ಪ್ಲೇಆಫ್ ಮುಖ ನೋಡದ ತಂಡ ಅದು. ಬ್ರೈಸ್ ಹಾರ್ಪರ್ ಜೊತೆ 2019ರಲ್ಲೇ 13 ವರ್ಷಕ್ಕೆ 33 ಕೋಟಿ ಡಾಲರ್ ಒಪ್ಪಂದವಾಗಿತ್ತು. ಆ ವರ್ಷ ಕೈಲ್ ಶ್ವಾರ್ಬರ್‌ಗೆ 7.9 ಕೋಟಿ, ನಿಕ್ ಕ್ಯಾಸ್ಟಿಯಾನೋಸ್‌ಗೆ 10 ಕೋಟಿ ಡಾಲರ್ ಸುರಿದಿದ್ದರು. ಇಷ್ಟು ಖರ್ಚು ಮಾಡಿಯೂ ಸೋಲು. ಆ ಬೆಳಿಗ್ಗೆ ಬೇಸ್‌ಬಾಲ್ ವಿಭಾಗದ ಅಧ್ಯಕ್ಷ ಡೇವ್ ಡೊಂಬ್ರೌಸ್ಕಿ, ಮ್ಯಾನೇಜರ್ ಜೋ ಜಿರಾರ್ಡಿಯವರನ್ನು ತೆಗೆದುಹಾಕಿದರು. ಜಿರಾರ್ಡಿ ಸಾಮಾನ್ಯರಲ್ಲ, 2009ರಲ್ಲಿ ಯಾಂಕೀಸ್‌ಗೆ ವರ್ಲ್ಡ್ ಸೀರೀಸ್ ಗೆಲ್ಲಿಸಿಕೊಟ್ಟವರು. ಅವರ ಜಾಗಕ್ಕೆ ಬಂದವರು ಅವರದೇ ಸಹಾಯಕ, ಬೆಂಚ್ ಕೋಚ್ ರಾಬ್ ಥಾಮ್ಸನ್. ಕೆನಡಾದ ಮನುಷ್ಯ, ಮಿತಭಾಷಿ, ಆ ಸೀಸನ್ ಮುಗಿಸಿ ನಿವೃತ್ತಿಯಾಗುವ ಯೋಚನೆಯಲ್ಲಿದ್ದವರು.

ಅದೇ ಸಂಜೆ ಲಾಸ್ ಏಂಜಲೀಸ್ ಏಂಜಲ್ಸ್ ವಿರುದ್ಧ ಫಿಲೀಸ್ 10-0 ಗೆಲುವು. ಮಾರನೇ ದಿನ ಮತ್ತೆ ಗೆಲುವು. ಭಾನುವಾರದ ಪಂದ್ಯವಂತೂ ಫಿಲಡೆಲ್ಫಿಯಾದವರ ಬಾಯಲ್ಲಿ ಇನ್ನೂ ಇದೆ. ಎಂಟನೇ ಇನಿಂಗ್ಸ್‌ನಲ್ಲಿ ತಂಡ 6-2 ಹಿಂದಿತ್ತು. ಮೂರು ಬೇಸ್‌ಗಳಲ್ಲೂ ಓಟಗಾರರಿದ್ದಾಗ ಹಾರ್ಪರ್ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದು, ಒಮ್ಮೆಗೇ ನಾಲ್ಕು ರನ್ ತಂದು ಸಮ ಮಾಡಿದರು. ಒಂಬತ್ತನೆಯದರಲ್ಲಿ ಏಂಜಲ್ಸ್ ಮತ್ತೆ ಒಂದು ರನ್ ಮುಂದೆ ಹೋಯಿತು. ಕೊನೆಗೆ ಇಬ್ಬರು ಔಟಾದ ಮೇಲೆ ಬಂದ ಹೊಸ ಹುಡುಗ ಬ್ರೈಸನ್ ಸ್ಟಾಟ್, ಅಲ್ಲಿಯತನಕ ಬ್ಯಾಟಿಂಗ್‌ನಲ್ಲಿ ತಡಕಾಡುತ್ತಿದ್ದವನು, ಮೂರು ರನ್‌ಗಳ ಹೋಮ್ ರನ್ ಹೊಡೆದು 9-7ಕ್ಕೆ ಪಂದ್ಯ ಮುಗಿಸಿದ. ಥಾಮ್ಸನ್ ತಮ್ಮ ಮೊದಲ 8 ಪಂದ್ಯಗಳನ್ನೂ ಗೆದ್ದರು. ಸೀಸನ್ ಮುಗಿಯುವಾಗ ಅವರ ಲೆಕ್ಕ 65 ಗೆಲುವು, 46 ಸೋಲು. ತಂಡ ವರ್ಲ್ಡ್ ಸೀರೀಸ್‌ವರೆಗೂ ಹೋಯಿತು.

ಈಗ ಎದುರಿನ ಡಗ್‌ಔಟ್ ನೋಡಿ. ಅಲ್ಲಿದ್ದವರು ಜೋ ಮ್ಯಾಡನ್, 2016ರಲ್ಲಿ ಶಿಕಾಗೋ ಕಬ್ಸ್‌ನ ಶತಮಾನದ ಬರ ನೀಗಿಸಿದವರು. ಏಂಜಲ್ಸ್ ಆ ವರ್ಷ 27-17ರ (27 ಗೆಲುವು, 17 ಸೋಲು) ತನಕ ಚೆನ್ನಾಗಿಯೇ ಆಡಿತ್ತು, ಆಮೇಲೆ ಕುಸಿಯಿತು. ಫಿಲಡೆಲ್ಫಿಯಾಕ್ಕೆ ಬಂದಿಳಿಯುವಾಗಲೇ ಸತತ 8 ಪಂದ್ಯ ಸೋತಿತ್ತು. ಅಂದರೆ ಥಾಮ್ಸನ್‌ರ ಮೊದಲ ಮೂರು ಗೆಲುವು ಬಂದದ್ದು ಆ ಹೊತ್ತಿಗೆ ಯಾರ ಎದುರೂ ಗೆಲ್ಲಲಾಗದೆ ಒದ್ದಾಡುತ್ತಿದ್ದ ತಂಡದ ಮೇಲೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಆ ಮೂರು ದಿನಗಳ ಮಟ್ಟಿಗೆ ಅದೇ ನಿಜ. ಜಿರಾರ್ಡಿಯೇ ಇದ್ದಿದ್ದರೂ ಆ ಸರಣಿ ಗೆಲ್ಲುವ ಸಾಧ್ಯತೆ ದೊಡ್ಡದಾಗಿಯೇ ಇತ್ತು.

ಮನೆಗೆ ಮರಳಿದ ಏಂಜಲ್ಸ್ ಜೂನ್ 6ರಂದು ಬಾಸ್ಟನ್ ಎದುರು 1-0ಗೆ ಸೋತಿತು. ಸತತ 12ನೇ ಸೋಲು. ಆಟಗಾರರ ಮನಸ್ಸು ಹಗುರವಾಗಲಿ ಎಂದು 68ರ ಮ್ಯಾಡನ್ ತಲೆಯ ಎರಡು ಬದಿ ಬೋಳಿಸಿ, ನಡುವೆ ಜುಟ್ಟು ಬಿಟ್ಟು ಮೊಹಾಕ್ ಮಾಡಿಸಿಕೊಂಡಿದ್ದರು. ಅದನ್ನು ಹುಡುಗರಿಗೆ ತೋರಿಸುವ ಮೊದಲೇ, ಜೂನ್ 7ರಂದು ಅವರ ಕೆಲಸ ಹೋಯಿತು. ಈ ವಿವರ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಂಡವನ್ನು ಮೇಲೆತ್ತಲು ತನ್ನ ಕೈಲಾದ ಕೊನೆಯದನ್ನೂ ಮಾಡಿದ್ದ ಹಿರಿಯ ಆತ. ಫಿಲ್ ನೆವಿನ್ ಬಂದರು. ಅವರ ಕೈಕೆಳಗೂ ತಂಡ ಇನ್ನೆರಡು ಸೋತಿತು. 14 ಸೋಲುಗಳ ಸರಪಳಿ ಕಡಿದದ್ದು ಜೂನ್ 9ರಂದು ಶೊಹೇ ಒಟಾನಿ, ಪಿಚ್ಚೂ ಮಾಡಿ, ಹೋಮ್ ರನ್ನೂ ಹೊಡೆದು. ಸೀಸನ್ ಕೊನೆಗೆ ಏಂಜಲ್ಸ್ 73-89. ನೆವಿನ್ ಪಾಲಿನದು 46-60.

ನಾಲ್ಕು ದಿನಗಳ ಅಂತರದಲ್ಲಿ ಎರಡು ತಂಡಗಳು ಒಂದೇ ಕೆಲಸ ಮಾಡಿದವು. ವಜಾ ಆದ ಇಬ್ಬರೂ ವರ್ಲ್ಡ್ ಸೀರೀಸ್ ಗೆದ್ದವರು. ಬಂದ ಇಬ್ಬರೂ ಅದೇ ತಂಡದ ಕೋಚ್‌ಗಳು. ಒಂದು ತಂಡ ಎಲ್ಲಿಗೋ ಏರಿತು, ಇನ್ನೊಂದು ಇದ್ದಲ್ಲಿಂದಲೂ ಇಳಿಯಿತು. ಮ್ಯಾನೇಜರ್ ಬದಲಾವಣೆಯೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ತೆಗೆದ ಮೇಲೆ ಗೆಲುವು ಬಂದಂತೆ ಕಾಣುವುದಕ್ಕೆ ಇನ್ನೊಂದು ಸರಳ ಕಾರಣವೂ ಇದೆ. ಮ್ಯಾನೇಜರ್‌ನನ್ನು ತೆಗೆಯುವುದು ತಂಡ ತನ್ನ ಯೋಗ್ಯತೆಗಿಂತ ಕೆಳಗೆ ಬಿದ್ದಿರುವಾಗ. ಅಲ್ಲಿಂದ ಅದು ತನ್ನ ಸಹಜ ಮಟ್ಟಕ್ಕೆ ಮರಳುವುದು, ಯಾರಿದ್ದರೂ, ಇಲ್ಲದಿದ್ದರೂ, ಹೆಚ್ಚು ಸಂಭವ. ನೆದರ್ಲೆಂಡ್ಸ್ ಫುಟ್‌ಬಾಲ್ ಲೀಗ್ ಬಗ್ಗೆ ನಡೆದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಂಡಿದೆ: ಕೋಚ್‌ನನ್ನು ತೆಗೆದ ತಂಡಗಳೂ ಚೇತರಿಸಿಕೊಂಡವು, ಅಷ್ಟೇ ಕೆಟ್ಟದಾಗಿ ಆಡುತ್ತಿದ್ದರೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡವು. ಬೇಸ್‌ಬಾಲ್‌ನಲ್ಲೇ ಬೇಕೆಂದರೆ 2019ರ ವಾಷಿಂಗ್ಟನ್ ನ್ಯಾಷನಲ್ಸ್ ನೋಡಿ. ಮೇ ತಿಂಗಳಲ್ಲಿ 19-31. ಮ್ಯಾನೇಜರ್ ಡೇವ್ ಮಾರ್ಟಿನೆಜ್‌ರನ್ನು ತೆಗೆಯಿರಿ ಎಂಬ ಕೂಗು ಜೋರಾಗಿತ್ತು. ತೆಗೆಯಲಿಲ್ಲ. ತಂಡ ಅಕ್ಟೋಬರ್‌ನಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ಜಿರಾರ್ಡಿ ಹೋಗುವಾಗ ಫಿಲೀಸ್ ಇದಕ್ಕಿಂತ ಉತ್ತಮ ಸ್ಥಿತಿಯಲ್ಲಿತ್ತು.

ಹಾಗಾದರೆ ತೆಗೆಯುವುದಾದರೂ ಯಾಕೆ? ಜೂನ್‌ನಲ್ಲಿ ಮೇಲಿನವರ ಕೈಗೆಟಕುವ ಹಿಡಿ ಅದೊಂದೇ. ತಂಡದಲ್ಲಿ 26 ಆಟಗಾರರು, ದೊಡ್ಡವರ ಒಪ್ಪಂದದ ಹಣ ಪೂರ್ತಿ ಕೊಟ್ಟೇ ತೀರಬೇಕು. ಆಟಗಾರರ ಅದಲುಬದಲು ಬಿರುಸಾಗುವುದು ಜುಲೈ ಕೊನೆಗೆ. ಅಷ್ಟರಲ್ಲಿ ಟಿಕೆಟ್ ಕೊಂಡ ಜನ ಉತ್ತರ ಕೇಳುತ್ತಿರುತ್ತಾರೆ. ಜೊತೆಗೆ, ಜಿರಾರ್ಡಿಯವರನ್ನು ನೇಮಿಸಿದ್ದು ಡೊಂಬ್ರೌಸ್ಕಿ ಅಲ್ಲ, ಅವರಿಗಿಂತ ಹಿಂದಿದ್ದವರು. ಹೊಸ ಯಜಮಾನನಿಗೆ ಹಳೆಯ ಯಜಮಾನ ಕೂರಿಸಿದವರ ಮೇಲೆ ಎಷ್ಟು ಮಮತೆ ಇರುತ್ತದೆ ಎಂದು ಕಚೇರಿಗಳಲ್ಲಿ ದುಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಲ್ಲೇ ಒಂದು ಅನ್ಯಾಯವೂ ಅಡಗಿದೆ. ಆ ವರ್ಷ ಮೇ 5ರಂದು ಫಿಲೀಸ್ ತವರಿನಲ್ಲಿ ನ್ಯೂಯಾರ್ಕ್ ಮೆಟ್ಸ್ ಎದುರು ಒಂಬತ್ತನೇ ಇನಿಂಗ್ಸ್‌ಗೆ 7-1 ಮುನ್ನಡೆಯಲ್ಲಿ ಹೋಗಿತ್ತು. ಜನ ಮನೆಗೆ ಹೊರಡುವ ಹೊತ್ತು. ಮೆಟ್ಸ್ ಆ ಒಂದೇ ಇನಿಂಗ್ಸ್‌ನಲ್ಲಿ 7 ರನ್ ಗಳಿಸಿ 8-7ಕ್ಕೆ ಗೆದ್ದಿತು. ಬೈಗುಳವೆಲ್ಲ ಬಿದ್ದದ್ದು ಜಿರಾರ್ಡಿ ತಲೆಗೆ. ಆದರೆ ಕೊನೆಯ ಇನಿಂಗ್ಸ್‌ಗಳಿಗೆ ಬರುವ ಆ ಪಿಚರ್‌ಗಳನ್ನು ಆರಿಸಿ ತಂದವರು ಯಾರು? ಆ ರಾತ್ರಿ ಕೈಕೊಟ್ಟ ಕೋರಿ ಕ್ನೇಬಲ್‌ಗೆ 1 ಕೋಟಿ ಡಾಲರ್ ಕೊಟ್ಟು ಕರೆತಂದದ್ದು ಮೇಲಿನ ಕಚೇರಿ. ಆ ಕಚೇರಿಯಲ್ಲಿ ಯಾರ ಕೆಲಸವೂ ಹೋಗಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಫಿಲೀಸ್‌ನ ತೀರ್ಮಾನ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಆ 8 ಗೆಲುವುಗಳಿಗಾಗಿ ಅಲ್ಲ, ಆಡಿಸುವ ರೀತಿ ಬದಲಾದದ್ದಕ್ಕಾಗಿ. ಜಿರಾರ್ಡಿ ಕಟ್ಟುನಿಟ್ಟಿನವರು. ಬುಲ್‌ಪೆನ್ ಪಿಚರ್‌ಗಳನ್ನು, ಅಂದರೆ ಪಂದ್ಯದ ನಡುವೆ ಬದಲಿಯಾಗಿ ಬರುವವರನ್ನು, ಸತತ ಮೂರನೇ ದಿನ ಇಳಿಸುವುದಿಲ್ಲ ಎಂಬ ಅವರ ಹಟಕ್ಕೆ ಅಭಿಮಾನಿಗಳು ಹಲ್ಲು ಕಡಿಯುತ್ತಿದ್ದರು. ಥಾಮ್ಸನ್ ಜೂನ್ ಮಧ್ಯದಲ್ಲೇ ಕ್ನೇಬಲ್‌ರನ್ನು ಕೊನೆಯ ಇನಿಂಗ್ಸ್ ಜವಾಬ್ದಾರಿಯಿಂದ ಇಳಿಸಿದರು. ಸ್ಟಾಟ್‌ಗೆ ದಿನವೂ ಆಡುವ ಅವಕಾಶ ಕೊಟ್ಟರು. ಎರಡನೇ ಬೇಸ್ ಕಾಯುವ ಜೀನ್ ಸೆಗುರಾ ಬೆರಳು ಮುರಿದುಕೊಂಡಿದ್ದರಿಂದ ಜಾಗವೂ ಇತ್ತು ಅನ್ನಿ. ಯಾಂಕೀಸ್ ಕಾಲದಿಂದಲೂ ಜಿರಾರ್ಡಿ ಬಲ್ಲ ಡೀಡಿ ಗ್ರೆಗೋರಿಯಸ್‌ರನ್ನು ಆಗಸ್ಟ್‌ನಲ್ಲಿ ತಂಡ ಬಿಟ್ಟುಕೊಟ್ಟಿತು, ಶಾರ್ಟ್‌ಸ್ಟಾಪ್ ಜಾಗ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್‌ನದು) ಸ್ಟಾಟ್‌ನದಾಯಿತು. ಜೂನ್ ಕೊನೆಗೆ ಹಾರ್ಪರ್ ಹೆಬ್ಬೆರಳು ಮುರಿದು ಎರಡು ತಿಂಗಳು ಹೊರಗಿದ್ದಾಗಲೂ ತಂಡ ಮುಗ್ಗರಿಸಲಿಲ್ಲ. ಸುಲಭದ ವೇಳಾಪಟ್ಟಿ, ಅದೃಷ್ಟ ಎಂದು ಇದನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ.

ಅದೃಷ್ಟ ಇರಲಿಲ್ಲ ಅಂತಲೂ ಅಲ್ಲ. ಆ ವರ್ಷವೇ ಪ್ಲೇಆಫ್ ತಂಡಗಳ ಸಂಖ್ಯೆಯನ್ನು 12ಕ್ಕೆ, ಅಂದರೆ ಎರಡು ಲೀಗ್‌ಗಳಿಗೆ ತಲಾ ಆರಕ್ಕೆ, ಏರಿಸಿದ್ದರು. 87 ಗೆಲುವಿನ ಫಿಲೀಸ್ ನ್ಯಾಷನಲ್ ಲೀಗ್‌ನ ಆರನೇ, ಅಂದರೆ ಕಟ್ಟಕಡೆಯ ಸ್ಥಾನ ಹಿಡಿದು ಒಳಬಂತು. ಹಿಂದಿನ ನಿಯಮವೇ ಇದ್ದಿದ್ದರೆ ಅದೇ 87 ಗೆಲುವಿಗೆ ಮನೆಗೆ ಹೋಗಬೇಕಿತ್ತು. ಜಿರಾರ್ಡಿಯವರನ್ನು ತೆಗೆದೂ ಏನೂ ಸಿಗಲಿಲ್ಲ ಎಂದು ಇವತ್ತು ಇದೇ ಜನ ಹೇಳುತ್ತಿದ್ದರು. ತೀರ್ಮಾನದ ಸರಿತಪ್ಪನ್ನು ಅಂತಿಮ ಫಲಿತಾಂಶದಿಂದ ಅಳೆಯಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಆ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ ಥಾಮ್ಸನ್ ಕೂಡ ಕಟಕಟೆಗೆ ಹತ್ತಿದರು. 1-0 ಮುನ್ನಡೆಯಲ್ಲಿ, ಚೆನ್ನಾಗಿ ಎಸೆಯುತ್ತಿದ್ದ ಜ್ಯಾಕ್ ವೀಲರ್‌ರನ್ನು 70 ಎಸೆತಕ್ಕೇ ಹೊರಗೆ ಕರೆದರು. ಬದಲಿಗೆ ಬಂದ ಹೊಸೆ ಅಲ್ವಾರಾಡೊ ಎಸೆತವನ್ನು ಯೋರ್ಡಾನ್ ಅಲ್ವಾರೆಜ್ ಮೂರು ರನ್‌ಗಳ ಹೋಮ್ ರನ್ ಮಾಡಿದರು. ಹ್ಯೂಸ್ಟನ್‌ಗೆ ಪ್ರಶಸ್ತಿ. ಹ್ಯೂಸ್ಟನ್ ಮ್ಯಾನೇಜರ್ ಡಸ್ಟಿ ಬೇಕರ್, ಆಗ 73 ವರ್ಷ. 2017ರಲ್ಲಿ 97 ಪಂದ್ಯ ಗೆಲ್ಲಿಸಿಕೊಟ್ಟ ಮೇಲೂ ವಾಷಿಂಗ್ಟನ್ "ಇನ್ನು ಬೇಡ" ಎಂದು ಕಳಿಸಿದ್ದು ಇವರನ್ನೇ. ಇವರ ಜಾಗಕ್ಕೆ ಬಂದವರೇ ಮೇಲೆ ಹೇಳಿದ ಮಾರ್ಟಿನೆಜ್.

ನೀವಿರುವ ಕಡೆ 2025ರ ಅಕ್ಟೋಬರ್ ಗದ್ದಲ ನಿಮಗೂ ತಟ್ಟಿರಬೇಕು. ಡಾಜರ್ಸ್ ವಿರುದ್ಧದ ಎರಡನೇ ಪ್ಲೇಆಫ್ ಪಂದ್ಯ, ಒಂಬತ್ತನೇ ಇನಿಂಗ್ಸ್, 4-3 ಹಿನ್ನಡೆ, ಒಬ್ಬರೂ ಔಟಾಗಿಲ್ಲ, ಎರಡನೇ ಬೇಸ್‌ನಲ್ಲಿ ಕ್ಯಾಸ್ಟಿಯಾನೋಸ್. ಥಾಮ್ಸನ್ ಸ್ಟಾಟ್ ಕೈಲಿ ಬಂಟ್ ಮಾಡಿಸಿದರು, ಅಂದರೆ ಓಟಗಾರ ಮೂರನೇ ಬೇಸ್‌ಗೆ ಸಾಗಲಿ ಎಂದು ಬೀಸದೆ ಚೆಂಡಿಗೆ ಬ್ಯಾಟ್ ಆನಿಸಿದ್ದು. ಡಾಜರ್ಸ್ ಅದನ್ನು ಮೊದಲೇ ಊಹಿಸಿ ಮೂರನೇ ಬೇಸ್‌ನಲ್ಲಿ ಓಟಗಾರನನ್ನು ಔಟ್ ಮಾಡಿತು. ಪಂದ್ಯ ಹೋಯಿತು, ಸರಣಿಯೂ ಹೋಯಿತು. ಥಾಮ್ಸನ್‌ರನ್ನು ತೆಗೆಯಿರಿ ಎಂಬ ಕೂಗು ಎದ್ದಿತು. ಆ ಬಂಟ್ ತಪ್ಪು, ಅದರಲ್ಲಿ ನನಗೂ ಅನುಮಾನವಿಲ್ಲ. ಆದರೆ ತಂಡ ಅವರನ್ನು ಉಳಿಸಿಕೊಂಡಿತು, ಒಪ್ಪಂದವನ್ನು 2027ರವರೆಗೆ ವಿಸ್ತರಿಸಿತು.

ಆ ಹೊತ್ತಿಗೆ ಅದು ಸರಿಯಾದ ನಿರ್ಧಾರ. 2024ರಲ್ಲಿ 95, 2025ರಲ್ಲಿ 96 ಗೆಲುವು, ಎರಡೂ ವರ್ಷ ವಿಭಾಗದಲ್ಲಿ ಮೊದಲ ಸ್ಥಾನ. ಸೀಸನ್‌ನ 162 ಪಂದ್ಯಗಳಲ್ಲಿ ತೋರಿದ ಕೆಲಸವನ್ನು ಒಂದು ಬಂಟ್‌ಗೆ ಬಲಿ ಕೊಡುವುದು ನ್ಯಾಯವಲ್ಲ. ಮುಂದೆ ಯಾವ ತಂಡ ಮ್ಯಾನೇಜರ್‌ನನ್ನು ತೆಗೆದರೂ ಮೊದಲ ವಾರದ ಸೋಲು ಗೆಲುವು ಬಿಟ್ಟು ಬೇರೆಯದನ್ನು ಗಮನಿಸಿ. ಹೊಸಬರು ಯಾರನ್ನು ಆಡಿಸುತ್ತಿದ್ದಾರೆ? ಕೊನೆಯ ಇನಿಂಗ್ಸ್‌ಗಳಲ್ಲಿ ಯಾರ ಕೈಗೆ ಚೆಂಡು ಕೊಡುತ್ತಿದ್ದಾರೆ? ತಂಡ ಕಟ್ಟಿದವರನ್ನು ಯಾರಾದರೂ ಪ್ರಶ್ನಿಸಿದರಾ? ಏಂಜಲ್ಸ್‌ನಲ್ಲಿ ಮ್ಯಾಡನ್ ನಂತರ ನೆವಿನ್ ಬಂದು ಹೋದರು, ಆಮೇಲೆ ರಾನ್ ವಾಷಿಂಗ್ಟನ್ ಬಂದು ಹೋದರು. 2014ರಲ್ಲಿ ಕೊನೆಯ ಸಲ ಪ್ಲೇಆಫ್ ಆಡಿದ ಆ ತಂಡ 2025ರವರೆಗೂ ಅಲ್ಲಿಗೆ ಮರಳಲಿಲ್ಲ.